ಎಸ್‌ಜಿಪಿಎ, ಸಿಜಿಪಿಎ ಲೆಕ್ಕ: ವಿ.ಟಿ.ಯು. ವಿದ್ಯಾರ್ಥಿಗಳಿಗೊಂದು ಕೈಲೆಕ್ಕದ ಮಾರ್ಗದರ್ಶಿ

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಸೆಮಿಸ್ಟರ್ ಫಲಿತಾಂಶ ಪ್ರಕಟವಾದಾಗ ವಿದ್ಯಾರ್ಥಿಯ ಕಣ್ಣಿಗೆ ಮೊದಲು ಬೀಳುವುದು ವಿಷಯವಾರು ಅಂಕಗಳು: ಆಂತರಿಕ ಅಂಕ, ಪರೀಕ್ಷೆಯ ಅಂಕ, ಒಟ್ಟು ಮತ್ತು ಉತ್ತೀರ್ಣ ಅಥವಾ ಅನುತ್ತೀರ್ಣ ಎಂಬ ಸೂಚನೆ. ತನ್ನ ಎಸ್‌ಜಿಪಿಎ, ಅಂದರೆ ಆ ಸೆಮಿಸ್ಟರಿನ ಗ್ರೇಡ್ ಪಾಯಿಂಟ್ ಸರಾಸರಿ, ಎಷ್ಟೆಂದು ತಿಳಿಯಬೇಕಾದರೆ ಗ್ರೇಡ್ ಕಾರ್ಡ್ ಕೈಸೇರುವವರೆಗೆ ಕಾಯಬೇಕು, ಇಲ್ಲವೇ ತಾನೇ ಕುಳಿತು ಲೆಕ್ಕ ಹಾಕಬೇಕು. ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಪಾಠ ಹೇಳುವ ನನ್ನ ಬಳಿಗೆ ಪ್ರತಿ ಫಲಿತಾಂಶದ ನಂತರವೂ ಇಂಥ ಲೆಕ್ಕಗಳು ಬರುತ್ತವೆ. ಅವುಗಳಲ್ಲಿ ಹೆಚ್ಚಿನವು ತಪ್ಪಾಗಿರುತ್ತವೆ, ಮತ್ತು ಬಹುಪಾಲು ಒಂದೇ ಬಗೆಯ ತಪ್ಪು: ಎಂಟು ವಿಷಯಗಳ ಗ್ರೇಡ್ ಪಾಯಿಂಟ್‌ಗಳನ್ನು (ಅಂಕಗಳಿಗೆ ತಕ್ಕಂತೆ ಸೊನ್ನೆಯಿಂದ ಹತ್ತರೊಳಗೆ ಸಿಗುವ ಪಾಯಿಂಟ್‌ಗಳನ್ನು) ಕೂಡಿಸಿ ಎಂಟರಿಂದ ಭಾಗಿಸಿರುತ್ತಾರೆ.

ಈ ಲೆಕ್ಕ ಏಕೆ ಸರಿಯಲ್ಲವೆಂಬುದನ್ನು ಅಡಿಕೆ ಮಾರಿದವರು ಯಾರಾದರೂ ಸುಲಭವಾಗಿ ಹೇಳಬಲ್ಲರು. ಒಬ್ಬ ರೈತರು ಒಂದು ಕ್ವಿಂಟಲ್ ಅಡಿಕೆಯನ್ನು 50,000 ರೂಪಾಯಿಯಂತೆಯೂ ನಾಲ್ಕು ಕ್ವಿಂಟಲನ್ನು 40,000 ರೂಪಾಯಿಯಂತೆಯೂ ಮಾರಿದರೆ ಅವರಿಗೆ ಸಿಕ್ಕ ಸರಾಸರಿ ಬೆಲೆ 45,000 ಆಗುವುದಿಲ್ಲ. ಒಟ್ಟು ಬಂದ 2,10,000 ರೂಪಾಯಿಯನ್ನು ಐದು ಕ್ವಿಂಟಲಿಗೆ ಹಂಚಿದಾಗ 42,000 ಆಗುತ್ತದೆ. ಹೆಚ್ಚು ತೂಕದ ಮಾಲು ಸರಾಸರಿಯನ್ನು ತನ್ನ ಕಡೆಗೆ ಎಳೆಯುತ್ತದೆ. ಗ್ರೇಡ್ ಪಾಯಿಂಟ್ ಸರಾಸರಿಯಲ್ಲಿ ಆ ತೂಕದ ಹೆಸರು ಕ್ರೆಡಿಟ್.

ವಿಶ್ವವಿದ್ಯಾಲಯ ಧನಸಹಾಯ ಆಯೋಗದ ಮಾರ್ಗಸೂಚಿಯಂತೆ ವಾರಕ್ಕೆ ಒಂದು ಗಂಟೆಯ ತರಗತಿ ಬೋಧನೆಗೆ ಸೆಮಿಸ್ಟರಿಗೆ ಒಂದು ಕ್ರೆಡಿಟ್, ವಾರಕ್ಕೆ ಎರಡು ಗಂಟೆಯ ಪ್ರಯೋಗಾಲಯದ ಕೆಲಸಕ್ಕೂ ಒಂದು ಕ್ರೆಡಿಟ್. ಆದ್ದರಿಂದ ನಾಲ್ಕು ಕ್ರೆಡಿಟ್‌ನ ಗಣಿತವೂ ಒಂದು ಕ್ರೆಡಿಟ್‌ನ ಕನ್ನಡವೂ ಪರೀಕ್ಷಾ ವೇಳಾಪಟ್ಟಿಯಲ್ಲಿ ತಲಾ ಒಂದೊಂದು ಸಾಲನ್ನೇ ಪಡೆದರೂ ಲೆಕ್ಕದಲ್ಲಿ ಸಮಾನವಲ್ಲ. ಸೂತ್ರ ಇಷ್ಟೇ: ಪ್ರತಿ ವಿಷಯದ ಗ್ರೇಡ್ ಪಾಯಿಂಟನ್ನು ಆ ವಿಷಯದ ಕ್ರೆಡಿಟ್‌ನಿಂದ ಗುಣಿಸಬೇಕು, ಬಂದ ಗುಣಲಬ್ಧಗಳನ್ನೆಲ್ಲ ಕೂಡಿಸಬೇಕು, ಆ ಮೊತ್ತವನ್ನು ಸೆಮಿಸ್ಟರಿನ ಒಟ್ಟು ಕ್ರೆಡಿಟ್‌ನಿಂದ ಭಾಗಿಸಬೇಕು. ಬರುವ ಭಾಗಲಬ್ಧವೇ ಆ ಸೆಮಿಸ್ಟರಿನ ಎಸ್‌ಜಿಪಿಎ.

ಲೆಕ್ಕಕ್ಕೆ ಕೂರುವ ಮೊದಲು ಎರಡು ಕಾಗದಗಳು ಎದುರಿಗಿರಬೇಕು. ಒಂದು, ನಿಮ್ಮ ಶಾಖೆಯ ಆ ಸೆಮಿಸ್ಟರಿನ ಸ್ಕೀಮ್, ಅಂದರೆ ಯಾವ ವಿಷಯಕ್ಕೆ ಎಷ್ಟು ಕ್ರೆಡಿಟ್ ಎಂದು ಹೇಳುವ ಪಟ್ಟಿ. ಎರಡು, ನೀವು ಪ್ರವೇಶ ಪಡೆದ ವರ್ಷಕ್ಕೆ ಅನ್ವಯಿಸುವ ಗ್ರೇಡ್ ಪಟ್ಟಿ. ಎರಡನೆಯದರ ಬಗ್ಗೆ ವಿಶೇಷ ಎಚ್ಚರ ಬೇಕು, ಏಕೆಂದರೆ ಅಕ್ಕ ಅಥವಾ ಅಣ್ಣ ಓದಿದ ಸ್ಕೀಮಿನ ಪಟ್ಟಿ ತಮ್ಮನಿಗೆ ಹೊಂದದೆ ಹೋಗಬಹುದು. 2018ರ ಸ್ಕೀಮಿನಲ್ಲಿ 60ರಿಂದ 69 ಅಂಕ ಪಡೆದವರಿಗೆ ಬಿ ಗ್ರೇಡ್ ಮತ್ತು 7 ಪಾಯಿಂಟ್ ಇತ್ತು. 2022ರ ಸ್ಕೀಮಿನಲ್ಲಿ ಅದೇ ಅಂಕಗಳಿಗೆ ಬಿ ಪ್ಲಸ್ ಗ್ರೇಡ್ ಸಿಗುತ್ತದೆ, ಪಾಯಿಂಟ್ ಮಾತ್ರ 7 ಆಗಿಯೇ ಉಳಿದಿದೆ. ಬರಿಯ ಬಿ ಎಂಬ ಅಕ್ಷರ ಈಗ 55ರಿಂದ 59ರವರೆಗಿನ ಅಂಕಗಳಿಗೆ ಇಳಿದಿದ್ದು, ಅದರ ಬೆಲೆ 6 ಪಾಯಿಂಟ್. ಅಕ್ಷರವನ್ನಷ್ಟೇ ನೋಡಿ ಹಳೆಯ ಪಟ್ಟಿಯಿಂದ ಪಾಯಿಂಟ್ ಎತ್ತಿಕೊಂಡರೆ ಇಡೀ ಲೆಕ್ಕ ಕೆಡುತ್ತದೆ.

2022ರ ಸ್ಕೀಮಿನ ಪಟ್ಟಿಯನ್ನು ಇಲ್ಲಿ ಪೂರ್ತಿಯಾಗಿ ಕೊಡುತ್ತೇನೆ. 90 ಮತ್ತು ಅದಕ್ಕಿಂತ ಹೆಚ್ಚು ಅಂಕಕ್ಕೆ ಓ ಗ್ರೇಡ್, 10 ಪಾಯಿಂಟ್. 80ರಿಂದ 89ಕ್ಕೆ ಎ ಪ್ಲಸ್, 9. 70ರಿಂದ 79ಕ್ಕೆ ಎ, 8. 60ರಿಂದ 69ಕ್ಕೆ ಬಿ ಪ್ಲಸ್, 7. 55ರಿಂದ 59ಕ್ಕೆ ಬಿ, 6. 50ರಿಂದ 54ಕ್ಕೆ ಸಿ, 5. 40ರಿಂದ 49ಕ್ಕೆ ಪಿ, 4. ಅದಕ್ಕಿಂತ ಕಡಿಮೆಯಾದರೆ ಎಫ್, ಸೊನ್ನೆ. ಸ್ವಾಯತ್ತ ಕಾಲೇಜುಗಳ ವಿದ್ಯಾರ್ಥಿಗಳು ಈ ಗಡಿಗಳನ್ನು ತಮ್ಮವೆಂದು ಭಾವಿಸದೆ ತಮ್ಮ ಕಾಲೇಜಿನ ನಿಯಮಾವಳಿಯನ್ನು ತೆರೆದು ನೋಡಬೇಕು. ಸೂತ್ರ ಅದೇ ಆದರೂ ಅಂಕಗಳ ಗಡಿ ಬೇರೆಯಾಗಿರಬಹುದು.

ಪಟ್ಟಿಯನ್ನು ಬಳಸುವ ಮೊದಲು ಇನ್ನೊಂದು ಪರಿಶೀಲನೆ ಆಗಬೇಕು. ಒಟ್ಟು ಅಂಕ 40 ದಾಟಿದ ಮಾತ್ರಕ್ಕೆ ಉತ್ತೀರ್ಣರಾಗುವುದಿಲ್ಲ. ಆಂತರಿಕ ಮೌಲ್ಯಮಾಪನದ 50 ಅಂಕಗಳಲ್ಲಿ ಕನಿಷ್ಠ 20, ಸೆಮಿಸ್ಟರ್ ಅಂತ್ಯದ ಪರೀಕ್ಷೆಯ 50 ಅಂಕಗಳಲ್ಲಿ ಕನಿಷ್ಠ 18 ಬೇರೆಬೇರೆಯಾಗಿಯೇ ಬಂದಿರಬೇಕು. ಆಂತರಿಕದಲ್ಲಿ 45, ಪರೀಕ್ಷೆಯಲ್ಲಿ 16 ಪಡೆದ ವಿದ್ಯಾರ್ಥಿಯ ಒಟ್ಟು 61 ಆಗುತ್ತದೆ, ಪಟ್ಟಿಯಲ್ಲಿ ಅದು ಬಿ ಪ್ಲಸ್ ಸಾಲಿನಲ್ಲಿ ಕಾಣುತ್ತದೆ, ಆದರೆ ಗ್ರೇಡ್ ಕಾರ್ಡಿನಲ್ಲಿ ಎಫ್ ಎಂದೇ ಬರುತ್ತದೆ.

ಈಗ ಒಂದು ಪೂರ್ಣ ಉದಾಹರಣೆ. 2022ರ ಸ್ಕೀಮಿನ ಕಂಪ್ಯೂಟರ್ ಸೈನ್ಸ್ ವಿಭಾಗದ ಮೊದಲ ಸೆಮಿಸ್ಟರಿನಲ್ಲಿ ಭೌತಶಾಸ್ತ್ರ ಓದುತ್ತಿರುವ ಒಬ್ಬ ವಿದ್ಯಾರ್ಥಿನಿಯನ್ನು ಕಲ್ಪಿಸಿಕೊಳ್ಳೋಣ. ಆಕೆಯ ಅಂಕಗಳು ಹೀಗಿವೆ.

ಗಣಿತ, 4 ಕ್ರೆಡಿಟ್: 72 ಅಂಕ, 8 ಪಾಯಿಂಟ್, ಗುಣಲಬ್ಧ 32.
ಅನ್ವಯಿಕ ಭೌತಶಾಸ್ತ್ರ, 4 ಕ್ರೆಡಿಟ್: 65 ಅಂಕ, 7 ಪಾಯಿಂಟ್, ಗುಣಲಬ್ಧ 28.
ಸಿ ಪ್ರೋಗ್ರಾಮಿಂಗ್, 3 ಕ್ರೆಡಿಟ್: 81 ಅಂಕ, 9 ಪಾಯಿಂಟ್, ಗುಣಲಬ್ಧ 27.
ಎಂಜಿನಿಯರಿಂಗ್ ಸೈನ್ಸ್ ಗುಂಪಿನ ಆಯ್ದ ವಿಷಯ, 3 ಕ್ರೆಡಿಟ್: 58 ಅಂಕ, 6 ಪಾಯಿಂಟ್, ಗುಣಲಬ್ಧ 18.
ಹೊಸ ತಂತ್ರಜ್ಞಾನ ಗುಂಪಿನ ಆಯ್ದ ವಿಷಯ, 3 ಕ್ರೆಡಿಟ್: 69 ಅಂಕ, 7 ಪಾಯಿಂಟ್, ಗುಣಲಬ್ಧ 21.
ಸಂವಹನ ಇಂಗ್ಲಿಷ್, 1 ಕ್ರೆಡಿಟ್: 84 ಅಂಕ, 9 ಪಾಯಿಂಟ್, ಗುಣಲಬ್ಧ 9.
ಸಾಂಸ್ಕೃತಿಕ ಕನ್ನಡ, 1 ಕ್ರೆಡಿಟ್: 93 ಅಂಕ, 10 ಪಾಯಿಂಟ್, ಗುಣಲಬ್ಧ 10.
ಇನ್ನೋವೇಷನ್ ಆ್ಯಂಡ್ ಡಿಸೈನ್ ಥಿಂಕಿಂಗ್, 1 ಕ್ರೆಡಿಟ್: 88 ಅಂಕ, 9 ಪಾಯಿಂಟ್, ಗುಣಲಬ್ಧ 9.

ಕ್ರೆಡಿಟ್‌ಗಳ ಮೊತ್ತ 20, ಗುಣಲಬ್ಧಗಳ ಮೊತ್ತ 154. ಇಪ್ಪತ್ತರಿಂದ ಭಾಗಿಸಿದರೆ ಎಸ್‌ಜಿಪಿಎ 7.70. ಇದೇ ವಿದ್ಯಾರ್ಥಿನಿ ಎಂಟು ಗ್ರೇಡ್ ಪಾಯಿಂಟ್‌ಗಳನ್ನು ನೇರವಾಗಿ ಕೂಡಿಸಿದ್ದರೆ 65 ಬರುತ್ತಿತ್ತು, ಎಂಟರಿಂದ ಭಾಗಿಸಿದರೆ 8.13. ಒಂದೊಂದೇ ಕ್ರೆಡಿಟ್‌ನ ಮೂರು ವಿಷಯಗಳಲ್ಲಿ ಬಂದ ಉತ್ತಮ ಗ್ರೇಡ್‌ಗಳು ನಾಲ್ಕು ಕ್ರೆಡಿಟ್‌ನ ವಿಷಯಗಳಷ್ಟೇ ತೂಕ ಪಡೆದದ್ದರಿಂದ ಈ ವ್ಯತ್ಯಾಸ ಹುಟ್ಟಿತು. ಮನೆಯವರಿಗೆ 8.13 ಎಂದು ಹೇಳಿ, ಗ್ರೇಡ್ ಕಾರ್ಡ್ ಬಂದ ದಿನ 7.70 ಎಂದು ಓದಬೇಕಾದ ವಿದ್ಯಾರ್ಥಿಯ ಸಂಕಟವನ್ನು ನಾನು ಕಂಡಿದ್ದೇನೆ. ಅಂಥವರು ವಿಶ್ವವಿದ್ಯಾಲಯವೇ ತಪ್ಪು ಮಾಡಿದೆಯೆಂದು ನಂಬಿರುತ್ತಾರೆ, ಮತ್ತು ಅವರಿಗೆ ಕ್ರೆಡಿಟ್ ಎಂದರೇನೆಂದು ಮೊದಲೇ ಯಾರೂ ಹೇಳಿರುವುದಿಲ್ಲ. ಅದು ಅವರ ತಪ್ಪಲ್ಲ, ಹೇಳಬೇಕಾಗಿದ್ದ ನಮ್ಮ ತಪ್ಪು.

ಎನ್‌ಎಸ್‌ಎಸ್, ಯೋಗ, ದೈಹಿಕ ಶಿಕ್ಷಣದಂತಹ ಕ್ರೆಡಿಟ್ ಇಲ್ಲದ ಕಡ್ಡಾಯ ವಿಷಯಗಳು ಈ ಭಾಗಾಕಾರದಲ್ಲಿ ಬರುವುದಿಲ್ಲ. ಅವುಗಳಲ್ಲಿ ಉತ್ತೀರ್ಣರಾಗುವುದು ಮಾತ್ರ ಅಗತ್ಯ.

ಮೇಲಿನ ಪಟ್ಟಿಯಲ್ಲಿ 69 ಅಂಕ ಬಂದಿರುವ ವಿಷಯವನ್ನು ಇನ್ನೊಮ್ಮೆ ನೋಡಿ. ಒಂದೇ ಅಂಕ ಹೆಚ್ಚಾಗಿ 70 ಆಗಿದ್ದರೆ ಗ್ರೇಡ್ ಎ ಆಗುತ್ತಿತ್ತು, ಗುಣಲಬ್ಧ 21ರ ಬದಲು 24 ಆಗುತ್ತಿತ್ತು, ಎಸ್‌ಜಿಪಿಎ 7.85 ಆಗುತ್ತಿತ್ತು. ಅದೇ ಹೊತ್ತಿಗೆ ಗಣಿತದಲ್ಲಿ 72ರ ಬದಲು 79 ಬಂದಿದ್ದರೂ, ಅಂದರೆ ಏಳು ಅಂಕ ಹೆಚ್ಚಾಗಿದ್ದರೂ, ಎಸ್‌ಜಿಪಿಎ ಒಂದಿಷ್ಟೂ ಕದಲುತ್ತಿರಲಿಲ್ಲ. ಗ್ರೇಡ್ ಪದ್ಧತಿಯಲ್ಲಿ ಅಂಕಗಳು ಮೆಟ್ಟಿಲುಗಳಂತೆ ಏರುತ್ತವೆ. ಎರಡು ಮೆಟ್ಟಿಲುಗಳ ನಡುವೆ ಎಲ್ಲಿ ನಿಂತರೂ ಎತ್ತರ ಒಂದೇ. ಒಂದು ಮೆಟ್ಟಿಲು ಏರಿದರೆ ಎಸ್‌ಜಿಪಿಎಗೆ ಎಷ್ಟು ಕೂಡುತ್ತದೆಂಬುದನ್ನು ಬಾಯಿಲೆಕ್ಕದಲ್ಲೇ ಹೇಳಬಹುದು: ಆ ವಿಷಯದ ಕ್ರೆಡಿಟನ್ನು ಸೆಮಿಸ್ಟರಿನ ಒಟ್ಟು ಕ್ರೆಡಿಟ್‌ನಿಂದ ಭಾಗಿಸಿದರಾಯಿತು. ಇಪ್ಪತ್ತು ಕ್ರೆಡಿಟ್‌ನ ಸೆಮಿಸ್ಟರಿನಲ್ಲಿ ನಾಲ್ಕು ಕ್ರೆಡಿಟ್‌ನ ವಿಷಯದ ಒಂದು ಮೆಟ್ಟಿಲಿಗೆ 0.20, ಮೂರು ಕ್ರೆಡಿಟ್‌ನದಕ್ಕೆ 0.15, ಒಂದು ಕ್ರೆಡಿಟ್‌ನದಕ್ಕೆ 0.05.

ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕುವ ಮುನ್ನ ಈ ಲೆಕ್ಕವನ್ನು ಮಾಡಲೇಬೇಕೆಂದು ನಾನು ಎಲ್ಲರಿಗೂ ಹೇಳುತ್ತೇನೆ. ಶುಲ್ಕ ಕಟ್ಟಬೇಕಾದದ್ದು ಅತಿ ಕಡಿಮೆ ಅಂಕ ಬಂದ ವಿಷಯಕ್ಕೇ ಎಂದು ಅನೇಕರು ತಿಳಿಯುತ್ತಾರೆ. ಉತ್ತೀರ್ಣರಾದ ವಿಷಯಗಳ ಮಟ್ಟಿಗೆ ನೋಡಬೇಕಾದದ್ದು ಮುಂದಿನ ಮೆಟ್ಟಿಲಿಗೆ ಎಷ್ಟು ಅಂಕ ದೂರವಿದೆ, ಆ ವಿಷಯದ ಕ್ರೆಡಿಟ್ ಎಷ್ಟು ಎಂಬ ಎರಡನ್ನು. ಇದರ ಜೊತೆಗೆ, ಉತ್ತರಪತ್ರಿಕೆ 100 ಅಂಕಗಳಿಗೆ ಮೌಲ್ಯಮಾಪನವಾಗಿ ಅನಂತರ 50ಕ್ಕೆ ಇಳಿಕೆಯಾಗುವುದರಿಂದ, ಒಟ್ಟು ಅಂಕದಲ್ಲಿ ಒಂದು ಹೆಚ್ಚಬೇಕಾದರೆ ಉತ್ತರಪತ್ರಿಕೆಯಲ್ಲಿ ಸರಿಸುಮಾರು ಎರಡು ಅಂಕ ಹೆಚ್ಚಬೇಕು. ಆಂತರಿಕ ಅಂಕಗಳು ಮರುಮೌಲ್ಯಮಾಪನದಲ್ಲಿ ಬದಲಾಗುವುದಿಲ್ಲ.

ಒಂದು ವಿಷಯ ಉಳಿದುಹೋದಾಗ ಲೆಕ್ಕ ಹೇಗೆ ಬದಲಾಗುತ್ತದೆಂಬುದು ಅನೇಕರನ್ನು ಗೊಂದಲಕ್ಕೆ ಸಿಲುಕಿಸುವ ವಿಚಾರ. ನಮ್ಮ ವಿದ್ಯಾರ್ಥಿನಿ ಭೌತಶಾಸ್ತ್ರದಲ್ಲಿ ಅನುತ್ತೀರ್ಣಳಾದಳೆಂದುಕೊಳ್ಳೋಣ. ಆ ವಿಷಯದ ಗುಣಲಬ್ಧ ಸೊನ್ನೆ, ಮೊತ್ತ 154ರಿಂದ 126ಕ್ಕೆ ಇಳಿಯುತ್ತದೆ. ಎಸ್‌ಜಿಪಿಎ ಲೆಕ್ಕದಲ್ಲಿ ಸೆಮಿಸ್ಟರಿನ ಎಲ್ಲ ವಿಷಯಗಳ ಕ್ರೆಡಿಟ್‌ಗಳೂ ಛೇದದಲ್ಲಿ ಉಳಿಯುವುದರಿಂದ ಫಲಿತ 6.30. ಸಿಜಿಪಿಎಯ, ಅಂದರೆ ಅಲ್ಲಿಯವರೆಗಿನ ಎಲ್ಲ ಸೆಮಿಸ್ಟರುಗಳ ಒಟ್ಟು ಸರಾಸರಿಯ, ವ್ಯಾಖ್ಯೆಯಲ್ಲಾದರೋ ವಿ.ಟಿ.ಯು. ನಿಯಮಾವಳಿ ಎಫ್ ಗ್ರೇಡ್ ಇರುವ ವಿಷಯಗಳನ್ನು ಮೇಲೂ ಕೆಳಗೂ ಕೈಬಿಡುತ್ತದೆ. ಆಗ 126ನ್ನು 16ರಿಂದ ಭಾಗಿಸಿ 7.88 ಬರುತ್ತದೆ. ಎರಡು ಸಂಖ್ಯೆಗಳ ನಡುವಿನ ಈ ಅಂತರ ಮುದ್ರಣದೋಷವಲ್ಲ. ಆದರೆ 7.88 ನೋಡಿ ನೆಮ್ಮದಿಯಾಗಿರಬಾರದು: ಮುಂದಿನ ಪ್ರಯತ್ನದಲ್ಲಿ ಆಕೆ 45 ಅಂಕ ಪಡೆದು ಉತ್ತೀರ್ಣಳಾದರೆ 4 ಪಾಯಿಂಟ್ ಮತ್ತು 4 ಕ್ರೆಡಿಟ್ ಎರಡೂ ಒಳಗೆ ಬಂದು, ಮೊತ್ತ 142 ಆಗಿ, ಸಿಜಿಪಿಎ 7.10ಕ್ಕೆ ಇಳಿಯುತ್ತದೆ. ಪಾಸಾದ ಮೇಲೆ ಸಿಜಿಪಿಎ ಕಡಿಮೆಯಾಯಿತೆಂದು ದಿಗಿಲುಗೊಂಡು ಬರುವವರಿಗೆ ನಾನು ಈ ಮೂರು ಸಂಖ್ಯೆಗಳನ್ನು ಬರೆದು ತೋರಿಸುತ್ತೇನೆ. ಬ್ಯಾಕ್‌ಲಾಗ್ ಇರುವಾಗ ಕಾಣುವ ಸಿಜಿಪಿಎ ತಾತ್ಕಾಲಿಕವೆಂದೇ ಎಣಿಸಬೇಕು, ಮತ್ತು ಉಳಿದ ವಿಷಯವನ್ನು ಕೇವಲ ದಾಟುವ ಗುರಿಯಿಂದ ಬರೆಯಬಾರದು.

ಎಲ್ಲ ವಿಷಯಗಳಲ್ಲೂ ಉತ್ತೀರ್ಣರಾದವರಿಗೆ ಸಿಜಿಪಿಎಗೂ ಸೂತ್ರ ಅದೇ, ವಿಷಯದ ಜಾಗದಲ್ಲಿ ಸೆಮಿಸ್ಟರ್ ಬರುತ್ತದೆ. ಪ್ರತಿ ಸೆಮಿಸ್ಟರಿನ ಎಸ್‌ಜಿಪಿಎಯನ್ನು ಆ ಸೆಮಿಸ್ಟರಿನ ಕ್ರೆಡಿಟ್‌ನಿಂದ ಗುಣಿಸಿ, ಕೂಡಿಸಿ, ಒಟ್ಟು ಕ್ರೆಡಿಟ್‌ನಿಂದ ಭಾಗಿಸಬೇಕು. 160 ಕ್ರೆಡಿಟ್‌ನ ಬಿ.ಇ. ಪದವಿಯಲ್ಲಿ ಎಂಟು ಸೆಮಿಸ್ಟರುಗಳಿಗೆ ಕ್ರಮವಾಗಿ 20, 20, 20, 20, 22, 18, 24, 16 ಕ್ರೆಡಿಟ್ ಇದೆಯೆಂದೂ, ನಮ್ಮ ವಿದ್ಯಾರ್ಥಿನಿಯ ಎಸ್‌ಜಿಪಿಎಗಳು ಅದೇ ಕ್ರಮದಲ್ಲಿ 7.70, 8.15, 7.40, 7.90, 7.50, 8.00, 8.25, 9.50 ಎಂದೂ ಇಟ್ಟುಕೊಳ್ಳಿ. ಗುಣಲಬ್ಧಗಳು 154, 163, 148, 158, 165, 144, 198, 152. ಮೊತ್ತ 1282. ಇದನ್ನು 160ರಿಂದ ಭಾಗಿಸಿದರೆ 8.0125, ಎರಡು ದಶಮಾಂಶಕ್ಕೆ 8.01. ಎಂಟು ಎಸ್‌ಜಿಪಿಎಗಳನ್ನು ಸುಮ್ಮನೆ ಸರಾಸರಿ ಮಾಡಿದರೆ 8.05 ಬರುತ್ತಿತ್ತು, ಏಕೆಂದರೆ 9.50 ಬಂದ ಕೊನೆಯ ಸೆಮಿಸ್ಟರಿಗೆ ಕ್ರೆಡಿಟ್ ಎಲ್ಲಕ್ಕಿಂತ ಕಡಿಮೆ. ಈ ವ್ಯತ್ಯಾಸ ಚಿಕ್ಕದೆಂದು ಕಡೆಗಣಿಸುವಂತಿಲ್ಲ. ಕ್ಯಾಂಪಸ್ ಆಯ್ಕೆಗೆ ಬರುವ ಕಂಪನಿ 8.00 ಅಥವಾ 7.50 ಎಂಬ ಗೆರೆ ಎಳೆದಾಗ ಎರಡನೆಯ ದಶಮಾಂಶವೇ ಒಬ್ಬರನ್ನು ಒಳಗೆ, ಇನ್ನೊಬ್ಬರನ್ನು ಹೊರಗೆ ಇಡುತ್ತದೆ. ಡಿಪ್ಲೊಮಾ ಮುಗಿಸಿ ನೇರವಾಗಿ ಮೂರನೆಯ ಸೆಮಿಸ್ಟರಿಗೆ ಸೇರಿದವರು ಮೊದಲ ವರ್ಷದ 40 ಕ್ರೆಡಿಟ್‌ಗಳನ್ನು ಬಿಟ್ಟು 120ಕ್ಕೆ ಭಾಗಿಸಬೇಕು. ಮೇಲಿನ ಕೊನೆಯ ಆರು ಸೆಮಿಸ್ಟರುಗಳ ಗುಣಲಬ್ಧ 965, ಆದ್ದರಿಂದ ಅವರ ಸಿಜಿಪಿಎ 8.04 ಆಗುತ್ತದೆ.

ನಾನು ಒತ್ತಿ ಹೇಳಬಯಸುವುದು ಒಂದು ಅಭ್ಯಾಸದ ಬಗ್ಗೆ. ನೋಟ್‌ಬುಕ್ಕಿನಲ್ಲಿ ಎಸ್‌ಜಿಪಿಎಯನ್ನು ಮಾತ್ರ ಬರೆದಿಡಬೇಡಿ. ಗುಣಲಬ್ಧಗಳ ಮೊತ್ತವನ್ನೂ ಕ್ರೆಡಿಟ್‌ಗಳ ಮೊತ್ತವನ್ನೂ ಪಕ್ಕಪಕ್ಕದಲ್ಲಿ ಬರೆದಿಡಿ. ಭಾಗಿಸಿ ಕಿರಿದುಗೊಳಿಸಿದ ಸಂಖ್ಯೆಯಿಂದ ಹಿಂದಕ್ಕೆ ಹೋಗುವಾಗ ದಶಮಾಂಶ ಸವೆಯುತ್ತದೆ, ಮೊತ್ತಗಳು ಸವೆಯುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಮುಂದೆ ಎಷ್ಟು ಬೇಕೆಂಬ ಪ್ರಶ್ನೆಗೆ ಉತ್ತರ ಸಿಗುವುದು ಮೊತ್ತಗಳಿಂದಲೇ. ನಾಲ್ಕು ಸೆಮಿಸ್ಟರುಗಳ ಕೊನೆಗೆ ನಮ್ಮ ವಿದ್ಯಾರ್ಥಿನಿಯ ಬಳಿ 80 ಕ್ರೆಡಿಟ್‌ಗೆ 623 ಇದೆ, ಸಿಜಿಪಿಎ 7.79. ಪದವಿಯ ಕೊನೆಗೆ 8.00 ಬೇಕೆಂದರೆ 160ನ್ನು 8ರಿಂದ ಗುಣಿಸಿದ 1280 ಬೇಕು. ಕೊರತೆ 657, ಉಳಿದಿರುವ ಕ್ರೆಡಿಟ್ 80, ಆದ್ದರಿಂದ ಮುಂದಿನ ನಾಲ್ಕು ಸೆಮಿಸ್ಟರುಗಳಲ್ಲಿ ಸರಾಸರಿ 8.22ಕ್ಕೆ ಕಡಿಮೆಯಾಗಬಾರದು. ಈ ಕಳೆಯುವ ಮತ್ತು ಭಾಗಿಸುವ ಲೆಕ್ಕವನ್ನು ಎರಡನೆಯ ವರ್ಷದಲ್ಲೇ ಮಾಡಿದವರಿಗೆ ಗುರಿ ಕೈಗೆಟುಕುವ ದೂರದಲ್ಲಿ ಕಾಣುತ್ತದೆ. ಏಳನೆಯ ಸೆಮಿಸ್ಟರಿನಲ್ಲಿ ಎಚ್ಚೆತ್ತವರಿಗೆ ಉಳಿದಿರುವ ಕ್ರೆಡಿಟ್‌ಗಳೇ ಸಾಲುವುದಿಲ್ಲ, ಏಕೆಂದರೆ ಆ ಹೊತ್ತಿಗೆ ನಾಲ್ಕು ಕ್ರೆಡಿಟ್‌ನ ವಿಷಯದಲ್ಲಿ ಒಂದು ಮೆಟ್ಟಿಲು ಏರಿದರೂ 160 ಕ್ರೆಡಿಟ್‌ನ ಸಿಜಿಪಿಎಗೆ ಸೇರುವುದು 0.025 ಮಾತ್ರ. ಎಕ್ಸೆಲ್ ಅಥವಾ ಗೂಗಲ್ ಶೀಟ್ಸ್ ಬಳಸುವವರು ಒಂದು ಕಂಬದಲ್ಲಿ ಕ್ರೆಡಿಟ್, ಇನ್ನೊಂದರಲ್ಲಿ ಗ್ರೇಡ್ ಪಾಯಿಂಟ್ ತುಂಬಿ, ಸಮ್‌ಪ್ರಾಡಕ್ಟ್ ಸೂತ್ರದಿಂದ ಬಂದ ಮೊತ್ತವನ್ನು ಕ್ರೆಡಿಟ್ ಕಂಬದ ಮೊತ್ತದಿಂದ ಭಾಗಿಸಿದರೆ ಸಾಕು.

ಶೇಕಡಾವಾರಿಗೆ ಬದಲಾಯಿಸುವಾಗ ಆಗುವ ತಪ್ಪುಗಳಿಗೆ ಮೂಲ ಹಿಂದಿನ ತರಗತಿಗಳಲ್ಲಿದೆ. ಸಿಬಿಎಸ್‌ಇ ಹತ್ತನೆಯ ತರಗತಿಗೆ ಸಿಜಿಪಿಎ ಕೊಡುತ್ತಿದ್ದ ಕಾಲದಲ್ಲಿ ಅದನ್ನು 9.5ರಿಂದ ಗುಣಿಸುವ ರೂಢಿ ಬೆಳೆಯಿತು. ಆ ಗುಣಕ ಆ ಮಂಡಳಿಯ ಆ ಪರೀಕ್ಷೆಗೆ ಸೇರಿದ್ದು, ವಿಶ್ವವಿದ್ಯಾಲಯದ ಸಿಜಿಪಿಎಗೆ ಅದನ್ನು ಬಳಸಲು ಯಾವ ಆಧಾರವೂ ಇಲ್ಲ. ವಿ.ಟಿ.ಯು. 2015 ಮತ್ತು 2018ರ ಸ್ಕೀಮುಗಳಿಗೆ ಕೊಟ್ಟ ಸೂತ್ರದಂತೆ ಸಿಜಿಪಿಎಯಿಂದ 0.75 ಕಳೆದು ಹತ್ತರಿಂದ ಗುಣಿಸಬೇಕು, ಹಾಗಾಗಿ 7.75 ಸಿಜಿಪಿಎ 70 ಶೇಕಡಕ್ಕೆ ಸಮ. ಈ ಕಳೆಯುವಿಕೆ ಕೆಲವರಿಗೆ ಅನ್ಯಾಯದಂತೆ ತೋರುತ್ತದೆ. ಆದರೆ 70 ಅಂಕ ಪಡೆದವರಿಗೂ 79 ಪಡೆದವರಿಗೂ 8 ಪಾಯಿಂಟ್ ಸಿಗುವ ಪದ್ಧತಿಯಲ್ಲಿ ಬರಿದೇ ಹತ್ತರಿಂದ ಗುಣಿಸಿದರೆ ಇಬ್ಬರಿಗೂ 80 ಆಗುತ್ತದೆ, ಅದು ಇಬ್ಬರ ನಿಜವಾದ ಅಂಕಕ್ಕಿಂತಲೂ ಹೆಚ್ಚು. ನಮ್ಮ ವಿದ್ಯಾರ್ಥಿನಿಯ ಮೊದಲ ಸೆಮಿಸ್ಟರಿನ ಅಂಕಗಳನ್ನೇ ಕ್ರೆಡಿಟ್ ತೂಕದಿಂದ ಸರಾಸರಿ ಮಾಡಿದರೆ 71.85 ಬರುತ್ತದೆ, 7.70ನ್ನು ಹತ್ತರಿಂದ ಗುಣಿಸಿದರೆ 77, ಹಳೆಯ ಸೂತ್ರದಿಂದ 69.5. ಹಳೆಯ ಸೂತ್ರವೇ ನಿಜವಾದ ಅಂಕಕ್ಕೆ ಹೆಚ್ಚು ಹತ್ತಿರವಿದೆ. ಆದರೂ ಬೇರೆ ಸ್ಕೀಮಿನವರು ಯಾರೋ ಹೇಳಿದರೆಂದು 0.75 ಕಳೆಯಲೂ ಬಾರದು, ಕಳೆಯದೆ ಬಿಡಲೂ ಬಾರದು. ತಮ್ಮ ಪ್ರವೇಶ ವರ್ಷದ ನಿಯಮಾವಳಿಯಲ್ಲಿ ಬರೆದಿರುವುದನ್ನೇ ಅನುಸರಿಸಬೇಕು. 8.01 ಎಂಬ ಒಂದೇ ಸಿಜಿಪಿಎ ಮೂರು ಸೂತ್ರಗಳಲ್ಲಿ 72.6, 76.1, 80.1 ಎಂಬ ಮೂರು ಉತ್ತರಗಳನ್ನು ಕೊಡುತ್ತದೆ. ಉದ್ಯೋಗದ ಅರ್ಜಿಯಲ್ಲಿ ತಪ್ಪು ಶೇಕಡಾವಾರು ತುಂಬಿದವರು ದಾಖಲೆ ಪರಿಶೀಲನೆಯ ದಿನ ಉತ್ತರ ಕೊಡಬೇಕಾಗುತ್ತದೆ.

ವಿದೇಶಕ್ಕೆ ಅರ್ಜಿ ಹಾಕುವವರಿಗೆ ಇನ್ನೊಂದು ಮಾತು. ಅಮೆರಿಕದ ನಾಲ್ಕರ ಮಾನಕ್ಕೆ ಬದಲಾಯಿಸಲು ಸಿಜಿಪಿಎಯನ್ನು 2.5ರಿಂದ ಭಾಗಿಸುವುದು ವ್ಯಾಪಕವಾಗಿ ಕಂಡುಬರುವ ಪದ್ಧತಿ. ಅರ್ಜಿಯಲ್ಲಿ ಮೂಲ ಮಾನವನ್ನೇ ಕೇಳಿದ್ದರೆ 10ಕ್ಕೆ 8.01 ಎಂದು ಹಾಗೆಯೇ ತುಂಬಬೇಕು, ಬದಲಾವಣೆಯ ಕೆಲಸ ಅವರದು. ಜರ್ಮನಿಗೆ ಹೋಗುವವರು ಮಾತ್ರ ಒಂದು ಸೂತ್ರವನ್ನು ತಿಳಿದಿರಬೇಕು. ಪರಿಷ್ಕೃತ ಬವೇರಿಯನ್ ಸೂತ್ರವೆಂದು ಕರೆಯುವ ಅದರಲ್ಲಿ ಗರಿಷ್ಠ ಗ್ರೇಡಿನಿಂದ ನಿಮ್ಮ ಗ್ರೇಡ್ ಕಳೆದು, ಗರಿಷ್ಠ ಮತ್ತು ಕನಿಷ್ಠ ಉತ್ತೀರ್ಣ ಗ್ರೇಡಿನ ವ್ಯತ್ಯಾಸದಿಂದ ಭಾಗಿಸಿ, ಮೂರರಿಂದ ಗುಣಿಸಿ, ಒಂದನ್ನು ಕೂಡಿಸುತ್ತಾರೆ. ಅಲ್ಲಿ 1 ಅತ್ಯುತ್ತಮ, 4 ಉತ್ತೀರ್ಣತೆಯ ಅಂಚು. 8.01ಕ್ಕೆ ಕನಿಷ್ಠ ಉತ್ತೀರ್ಣ ಗ್ರೇಡ್ 4 ಎಂದು ಹಿಡಿದರೆ ಉತ್ತರ ಸುಮಾರು 2.0; ಅದನ್ನೇ 5 ಎಂದು ಹಿಡಿದರೆ ಸುಮಾರು 2.2. ಆದ್ದರಿಂದ ಗ್ರೇಡ್ ಕಾರ್ಡಿನ ಜೊತೆಗೆ ಉತ್ತೀರ್ಣತೆಯ ಕನಿಷ್ಠ ಗ್ರೇಡನ್ನು ತೋರಿಸುವ ನಿಯಮಾವಳಿಯ ಪುಟವನ್ನೂ ಲಗತ್ತಿಸುವುದು ಒಳ್ಳೆಯದು. ಪುಟ ಇಲ್ಲದಿದ್ದರೆ ಕನಿಷ್ಠ ಎಷ್ಟೆಂದು ಅವರೇ ಊಹಿಸುತ್ತಾರೆ, ಮತ್ತು ಆ ಊಹೆ 0.2ರಷ್ಟು ನಿಮ್ಮ ವಿರುದ್ಧ ಹೋಗಬಹುದು.